ಮಿಡತೆಯ ಹಿಂದಿನ ಸೀಟು

ಈ ಕಥೆಯನ್ನು ಒಂದು ಗಾದೆಯಿಂದ ಶುರು ಮಾಡಬೇಕೆಂದು ನನಗೂ ಆಸೆಯಿತ್ತು. ಆದರೆ ಹುಣಸೂರಿನಲ್ಲಿ ಬಿ.ಎ. ಓದುತ್ತಿದ್ದಾಗ ನನ್ನ ಬಾಯಿಂದ ಹೊರಬಿದ್ದ ಗಾದೆಗಳನ್ನು ಕೇಳಿದ ಕನ್ನಡ ಮೇಷ್ಟ್ರು, “ನೀನು ಹೇಳಿದ ಗಾದೆಗೆ ಪುತ್ತೂರು ಕಟ್ಟು ಹಾಕಿಸದೆ ಬೇರೆ ದಾರಿಯಿಲ್ಲ” ಎಂದು ಇಡೀ ತರಗತಿಯ ಮುಂದೆ ಹೇಳಿಬಿಟ್ಟಿದ್ದರು. ಹಾಗಾಗಿ ಮೂಳೆ ಮುರಿಯುವ ಕೆಲಸ ಬಿಟ್ಟು ನೇರವಾಗಿ ನಿಜಕ್ಕೇ ಬರುತ್ತೇನೆ. ಇದು ಅಪ್ಪಟ ನಿಜ. ಇದರಲ್ಲಿ ಸಾಸಿವೆಯಷ್ಟು ಸುಳ್ಳಿದ್ದರೂ ನಮ್ಮೂರ ಯಜಮಾನರಾದ ಕಂಠಪ್ಪನವರ ಮೀಸೆ ಬೋಳಿಸಬಹುದು, ನನಗೆ ಮೀಸೆಯಿಲ್ಲ.

ನಮ್ಮೂರು ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಹೋಬಳಿಯಲ್ಲಿದೆ. ಊರಿಗೊಂದು ಹಾಲಿನ ಡೈರಿ, ಡೈರಿಗೊಬ್ಬ ಸೆಕ್ರೆಟರಿ. ಅವನೇ ಬೆಟ್ಟಸ್ವಾಮಿ. ಪಿರಿಯಾಪಟ್ಟಣಕ್ಕೆ ಬಲ್ಬು ತರಲು ಹೋಗಿ, ಊರಿನಲ್ಲಿ ಹೇಗೂ ಕರೆಂಟಿಲ್ಲವಲ್ಲ ಎಂದು ಬರಿಗೈಯಲ್ಲಿ ವಾಪಸು ಬಂದ ಮನುಷ್ಯ. ಕೆಟ್ಟವನಲ್ಲ, ದಡ್ಡನೂ ಅಲ್ಲ. ಯೋಚನೆ ಅವನಿಗಿಂತ ಒಂದು ಬಸ್ಸು ತಡವಾಗಿ ಬರುತ್ತಿತ್ತು, ಅಷ್ಟೇ.

ಈ ಬೆಟ್ಟಸ್ವಾಮಿಯ ಹತ್ತಿರ ಒಂದು ಹಳೆಯ ಮೋಟಾರ್ ಸೈಕಲ್ ಇತ್ತು. ಕಂಪನಿಯ ಹೆಸರು ಬರೆಯುವುದಿಲ್ಲ. ಪುಕ್ಕಟೆ ಜಾಹೀರಾತು ನಾನೇಕೆ ಹಾಕಲಿ? ಸಿದ್ದಾಪುರದ ಕಡೆ ಯಾವುದೋ ಕಾಫಿ ತೋಟದ ಸಾಹೇಬರು ಕೆಸರಿನಲ್ಲೂ ಕಲ್ಲಿನಲ್ಲೂ ಓಡಾಡಲು ಇಟ್ಟುಕೊಂಡಿದ್ದ ಗಾಡಿ. ಮುಂದಿನ ಮಡ್‌ಗಾರ್ಡು ಚಕ್ರದಿಂದ ಮೊಳದಷ್ಟು ಮೇಲೆ, ಸೈಲೆನ್ಸರು ಸೊಂಟದ ಮಟ್ಟಕ್ಕೆ. ಹತ್ತುವವನು ಮೊದಲು ಪಂಚೆ ಎತ್ತಿ ಕಟ್ಟಬೇಕು, ಆಮೇಲೆ ದೇವರನ್ನು ನೆನೆಯಬೇಕು. ಊರವರು ಅದಕ್ಕೆ ‘ಒಂಟೆ’ ಎಂದು ಹೆಸರಿಟ್ಟಿದ್ದರು. ಒಂಟೆಗೆ ತಿರುವು ಬರುತ್ತಿದೆಯೆಂದು ಹಿಂದಿನ ಊರಿನಲ್ಲೇ ತಿಳಿಸಬೇಕಿತ್ತು. ಹುಣಸೂರಿನಲ್ಲಿ ಬ್ರೇಕು ಒತ್ತಿದರೆ ಕಟ್ಟೆಮಳಲವಾಡಿಯಲ್ಲಿ ನಿಲ್ಲುತ್ತಿತ್ತು. ಆದರೆ ಅದರ ಸೀಟು! ಬೆಟ್ಟಸ್ವಾಮಿಯೇ ತೆಂಗಿನ ನಾರು ತುಂಬಿಸಿ ಹೊಲಿಸಿದ್ದ ಆ ಸೀಟು ನಮ್ಮ ಮನೆಯ ಜಗಲಿಗಿಂತ ಅಗಲವಾಗಿತ್ತು. ಹಿಂದೆ ಒರಗಿಕೊಳ್ಳಲು ಕ್ಯಾರಿಯರ್, ಪಕ್ಕಕ್ಕೆ ಸೀರೆ ಗಾರ್ಡು, ಕಾಲಿಡಲು ಹಲಗೆಯಂಥ ಕಬ್ಬಿಣದ ಪಟ್ಟಿ.

ಆ ಹಿಂದಿನ ಸೀಟು ಅವನ ತಾಯಿ ಚಿಕ್ಕಬೀರಮ್ಮನದು. ಚಿಕ್ಕಬೀರಮ್ಮ ಸೋಬಾನೆ ಪದ ಹೇಳುವವಳು. ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ, ಎಲ್ಲಿಯ ಮದುವೆಯಾದರೂ ಹಸೆಗೆ ಕೂರಿಸುವಾಗ ಅವಳ ಪದ ಬೇಕು. ಮಗ ಮುಂದೆ, ತಾಯಿ ಹಿಂದೆ. ಒಂಟೆಯ ಮೇಲೆ ಅವಳು ಸಣ್ಣ ಕುಟ್ಟಾಣಿಯಲ್ಲಿ ಎಲೆಯಡಿಕೆ ಕುಟ್ಟಿ, ಬಾಯಿಗೆ ಹಾಕಿಕೊಂಡು, ಗಂಟಲು ಸರಿ ಮಾಡಿಕೊಂಡು ದಾರಿಯುದ್ದಕ್ಕೂ ಪದ ಹೇಳುತ್ತಿದ್ದಳು. ಗಾಡಿ ಗುಂಡಿಗೆ ಇಳಿದು ಹತ್ತಿದರೂ ಅಡಿಕೆ ಚೂರು ಚೆಲ್ಲುತ್ತಿರಲಿಲ್ಲ, ರಾಗ ಮುರಿಯುತ್ತಿರಲಿಲ್ಲ. ಕಟ್ಟಿದ ಪದ ಮುಗಿದರೆ ಹೊಸದು ಕಟ್ಟುತ್ತಿದ್ದಳು:

“ಗುಂಡ್ಯಾಗೆ ನೀರು ನಿಂತಾವೆ ಸೋಬಾನೆ
ನಮ್ಮ ಎಂಜಿನೀರು ಎಲ್ಲಿ ನಿಂತಾನೆ ಸೋಬಾನೆ.”

ಎದುರಿಗೆ ಬಂದ ಎತ್ತಿನ ಗಾಡಿಯವರು ನಿಲ್ಲಿಸಿ ಕೇಳುತ್ತಿದ್ದರು. ಬೆಟ್ಟಸ್ವಾಮಿ ಮಾತ್ರ ಕೇಳುತ್ತಿರಲಿಲ್ಲ. ಕಿವಿಯ ಹಿಂದೆಯೇ ಹರಿಯುವ ಕಾಲುವೆಯನ್ನು ಯಾರು ತಿರುಗಿ ನೋಡುತ್ತಾರೆ?

ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ ಹೊಗೆಸೊಪ್ಪಿಗೆ ಒಳ್ಳೆಯ ರೇಟು ಬಂತು. ಕಂಪಲಾಪುರದ ಹರಾಜು ಕಟ್ಟೆಯಿಂದ ತಾನು ಬೆಳೆದ ಸೊಪ್ಪು ಮಾರಿ ಬೆಟ್ಟಸ್ವಾಮಿ ನಗುತ್ತ ಹೊರಬಂದ. ಪಕ್ಕದ ಹೋಟೆಲಿನಲ್ಲಿ ಬೋಂಡ ಕಟ್ಟಿಕೊಟ್ಟಿದ್ದ ಬಣ್ಣದ ಕಾಗದದಲ್ಲಿ ಒಂದು ಚಿತ್ರ ಕಂಡಿತು: ಮೂತಿ ಮೇಲೆತ್ತಿದ ಹೊಸ ಬೈಕು, ಅದರ ಮೇಲೆ ಕಪ್ಪು ಕನ್ನಡಕದವನು, ಹಿಂದೆ ಬೆಟ್ಟ. ಕೆಳಗೆ ‘ಅಡ್ವೆಂಚರ್’ ಎಂದು ಬರೆದಿತ್ತು. ಎಣ್ಣೆ ಹೀರಿಕೊಂಡ ಆ ಕಾಗದವನ್ನು ಅವನು ದೇವರ ಪಟದ ಹಿಂದೆ ಸಿಕ್ಕಿಸಿದ. ತಿಂಗಳೊಪ್ಪತ್ತಿನಲ್ಲಿ ಒಂಟೆ ಎದುರು ಮನೆಯ ಜವರಯ್ಯನಿಗೆ ಹೋಯಿತು, ಮೈಸೂರಿನಿಂದ ಹೊಸ ಗಾಡಿ ಬಂತು.

ಜವರಯ್ಯ ಐವತ್ತು ದಾಟಿದ ಒಂಟಿ ಮನುಷ್ಯ. ಹೆಂಡತಿ ಇಲ್ಲ, ಮಕ್ಕಳಿಲ್ಲ, ತಾಯಿಯ ಮುಖ ನೆನಪಿಲ್ಲ. ಒಂಟೆಯನ್ನು ಯಾಕೆ ಕೊಂಡೆಯೆಂದು ಕೇಳಿದ್ದಕ್ಕೆ, “ಓಡ್ದೆ ವೋದ್ರೂ ಕೋಳಿಗಳು ಕೂತ್ಕಳ್ತವೆ ಬುಡು” ಎಂದಿದ್ದ.

ಹೊಸ ಗಾಡಿಯ ಪೂಜೆಗೆ ಊರೇ ಸೇರಿತ್ತು. ಬೆಟ್ಟಸ್ವಾಮಿ ಕಪ್ಪು ಕನ್ನಡಕ ಹಾಕಿಕೊಂಡು ಹತ್ತಿ ಕೂತ. ಹೆಂಡತಿ ಸುಧಾ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟಳು. ಇಲ್ಲೊಂದು ತಾಂತ್ರಿಕ ವಿಷಯವನ್ನು ಓದುಗರ ಗಮನಕ್ಕೆ ತರಬೇಕು. ಒಂಟೆಯಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಹೊಸದರಲ್ಲಿ ಅದು ಪೂರ್ತಿ ಅದಲುಬದಲು. ಗೇರಿನಲ್ಲೇ ನಿಂತಿದ್ದ ಗಾಡಿ ಬಟನ್ ಒತ್ತಿದ ತಕ್ಷಣ ಮುಂದಕ್ಕೆ ನುಗ್ಗಿತು. ಬೆಟ್ಟಸ್ವಾಮಿ ಗೇರು ಬದಲಿಸಲೆಂದು ಬಲಗಾಲು ಒತ್ತಿದ. ಗಾಡಿ ನಿಂಬೆಹಣ್ಣಿನ ನೆತ್ತಿಯ ಮೇಲೆ ನಿಂತು ಪ್ರಾಣ ಬಿಟ್ಟಿತು.

“ನಿಂಬೆಣ್ಣೇ ದಾಟ್ನಾರ್ದು, ಇನ್ನ ಕಾಡು ದಾಟ್ತದಾ?” ಎಂದ ಜವರಯ್ಯ.

“ಏಯ್, ಇದು ಡಿಸ್ಕ್ ಬ್ರೇಕು ಕಣಯ್ಯ! ನಿಲ್ಲು ಅಂದ್ರೆ ನಿಂತ್ಕಳ್ತದೆ. ನಿನ್ನ ಒಂಟೆ ತರ ಅರ್ಜಿ ಕೊಟ್ಟು ಕಾಯಂಗಿಲ್ಲ” ಎಂದು ಬೆಟ್ಟಸ್ವಾಮಿ ಕನ್ನಡಕ ಸರಿ ಮಾಡಿಕೊಂಡ.

ಚಿಕ್ಕಬೀರಮ್ಮ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಮುಂದಿನ ಸೀಟು ಬಾಣಲೆಯಂತೆ ಗುಳಿಬಿದ್ದು ಮೆತ್ತಗಿತ್ತು. ಹಿಂದಿನ ಸೀಟು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಛಾವಣಿಯಂತೆ ಇಳಿಜಾರಾಗಿ, ತುದಿಗೆ ಹೋಗಿ ಆಕಾಶಕ್ಕೆ ಎದ್ದಿತ್ತು.

“ಇದೇನ್ಲಾ ಮಗ, ಮಿಡ್ತೆ ಕುಂಡಿ ಎತ್ಕಂಡಂಗೈತೆ?”

ಅಲ್ಲಿಗೆ ಹೊಸ ಗಾಡಿಯ ನಾಮಕರಣವೂ ಮುಗಿಯಿತು.

ಷೋರೂಮಿನವರು ಸೀರೆ ಗಾರ್ಡು, ಹಿಡಿದುಕೊಳ್ಳುವ ಕಂಬಿ ಎರಡನ್ನೂ ಹಾಕಿಯೇ ಕೊಟ್ಟಿದ್ದರು. ಬೋಂಡದ ಕಾಗದದ ಚಿತ್ರದಲ್ಲಿ ಅವಿರಲಿಲ್ಲ. ಬೆಟ್ಟಸ್ವಾಮಿ ಸ್ಪ್ಯಾನರ್ ತಂದು ಎರಡನ್ನೂ ಬಿಚ್ಚಿ ಹಟ್ಟಿಯ ಅಟ್ಟಕ್ಕೆ ಎಸೆದ. “ಅಡ್ವೆಂಚರ್ ಗಾಡಿಗೆ ಸೀರೆ ಗಾರ್ಡು ಹಾಕ್ಕಂಡ್ರೆ ನಾಕ್ ಜನ ನಗ್ತಾರೆ” ಎಂದ. ಅಟ್ಟದ ಮೇಲಿದ್ದ ಬೆಕ್ಕು ಮಾತ್ರ ವಿರೋಧ ವ್ಯಕ್ತಪಡಿಸಿತು.

ನ್ಯಾಯವಾಗಿ ಹೇಳಬೇಕೆಂದರೆ ಮುಂದೆ ಕೂತವನಿಗೆ ಮಿಡತೆ ಸ್ವರ್ಗ. ತಿರುವಿನಲ್ಲಿ ಮನಸ್ಸಿನಲ್ಲಿ ಅಂದುಕೊಂಡರೆ ಸಾಕು, ತಾನೇ ಬಾಗುತ್ತಿತ್ತು. ಗುಂಡಿಗಳನ್ನು ಸುತ್ತಿಕೊಂಡು ಹೋಗುವುದರಲ್ಲಿ ಅದು ನಮ್ಮ ತಾಲ್ಲೂಕಿನ ಗುತ್ತಿಗೆದಾರರಿಗಿಂತ ಚುರುಕು. ಸುಧಾ ತವರಿಗೆ ಬಸ್ಸಿನಲ್ಲೇ ಹೋಗುವವಳು, ಡೈರಿಯವರು ಓಡಾಡುವುದು ಟೆಂಪೋದಲ್ಲಿ. ಹಿಂದೆ ಕೂತವಳು ಒಬ್ಬಳೇ, ಚಿಕ್ಕಬೀರಮ್ಮ, ಅದೂ ಒಂದೇ ಸಲ, ಹುಣಸೂರಿನ ಮದುವೆಗೆ.

ಆ ಪ್ರಯಾಣವನ್ನು ದಾರಿಯುದ್ದಕ್ಕೂ ಜನ ಕಂಡಿದ್ದಾರೆ. ಮಗ ಬ್ರೇಕು ಹಾಕಿದರೆ ತಾಯಿ ಜಾರಿ ಅವನ ಬೆನ್ನಿಗೆ. ಆಕ್ಸಿಲರೇಟರ್ ಕೊಟ್ಟರೆ ಹಿಂದಕ್ಕೆ. ಒಂದು ಕೈಯಲ್ಲಿ ಸೆರಗು, ಒಂದು ಕೈಯಲ್ಲಿ ಮಗನ ಅಂಗಿಯ ಕಾಲರು. ಕುಟ್ಟಾಣಿ ಮಡಿಲಿನಿಂದ ಮೇಲೇಳಲೇ ಇಲ್ಲ. ಬಾಯಿಂದ ಹೊರಟದ್ದು “ಸೋ...” ಎಂಬ ಒಂದಕ್ಷರ, “ಬಾನೆ” ಬರುವಷ್ಟರಲ್ಲಿ ಗುಂಡಿ ಬಂತು. ಹುಣಸೂರು ತಲುಪಿದಾಗ ಗಂಟಲಲ್ಲಿ ಉಳಿದಿದ್ದು ಧೂಳು ಮಾತ್ರ. ಹಸೆಯ ಮುಂದೆ ಅವಳು ಅರ್ಧ ಪದಕ್ಕೇ ನಿಲ್ಲಿಸಿದಳು. ಬೀಗಿತ್ತಿಯರು ಮುಖ ಮುಖ ನೋಡಿಕೊಂಡರು.

“ಯಾಕವ್ವ, ಉಸಾರಿಲ್ವಾ?” ಎಂದು ಮಗ ಕೇಳಿದ.

“ಊಂ ಕಣಪ್ಪ, ವಸಿ ಶೀತ.”

“ಗಾಡಿ ಎಂಗಿತ್ತವ್ವ? ತೇಲ್ಕಂಡ್ ಬಂದಂಗೆ ಇರ್‌ಲಿಲ್ವಾ?”

ಚಿಕ್ಕಬೀರಮ್ಮ ಮಗನ ಮುಖ ನೋಡಿದಳು. ಆ ಮುಖದಲ್ಲಿ ನಗು ಕಿವಿಯಿಂದ ಕಿವಿಗೆ ತೋರಣ ಕಟ್ಟಿತ್ತು. “ಇತ್ತು ಕಣಪ್ಪ” ಎಂದಳು.

ಮುಂದಿನ ಮದುವೆ ಕೆ.ಆರ್. ನಗರದ ಕಡೆ. ಆ ದಿನ ಬೆಳಿಗ್ಗೆ ಬೆಟ್ಟಸ್ವಾಮಿ ಮಿಡತೆಯನ್ನು ಒರೆಸಿ ಹೊರಗೆ ನಿಲ್ಲಿಸುವಷ್ಟರಲ್ಲಿ ಚಿಕ್ಕಬೀರಮ್ಮ ಎದುರು ಮನೆಯ ಮುಂದೆ ಸೀಟಿನ ಮೇಲಿದ್ದ ಕೋಳಿಗಳನ್ನು ಓಡಿಸಿ ಒಂಟೆ ಹತ್ತಿದ್ದಳು. “ಜವ್ರಯ್ಯಂಗೂ ಆ ಕಡೆ ಕೆಲ್ಸ ಐತಂತೆ ಕಣಪ್ಪ. ನೀನು ಡೈರಿ ನೋಡ್ಕ” ಎಂದಳು. ಜವರಯ್ಯನಿಗೆ ಜನ್ಮದಲ್ಲಿ ಕೆ.ಆರ್. ನಗರದಲ್ಲಿ ಕೆಲಸವಿರಲಿಲ್ಲ, ಆದರೂ “ಊಂ ಊಂ” ಎಂದು ಕಿಕ್ಕರ್ ಹೊಡೆದ. ಓಣಿಯ ತಿರುವಿನಲ್ಲೇ ಪದ ಶುರುವಾದದ್ದು ಬೆಟ್ಟಸ್ವಾಮಿಗೆ ಕೇಳಿಸಿತು. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಅವನು ಅದನ್ನು ಕಿವಿಗೊಟ್ಟು ಕೇಳಿದ. ಅಷ್ಟರಲ್ಲಿ ಅದು ದೂರ ಹೋಯಿತು.

ನಮ್ಮ ಕಡೆ ಒಂದು ವಾಡಿಕೆ. ಪದ ಹೇಳುವವಳನ್ನು ಕರೆತಂದ ಮಗನಿಗೆ ಮದುವೆ ಮನೆಯ ಯಜಮಾನನೇ ಎದ್ದು ಬಂದು ಹೆಗಲಿಗೆ ಟವೆಲ್ ಹೊದಿಸಿ, ಎಲೆಯಡಿಕೆ ಕೊಟ್ಟು, ಗಂಡಿನ ಸೋದರಮಾವನ ಪಕ್ಕದಲ್ಲಿ ಕೂರಿಸಬೇಕು. ಕೆ.ಆರ್. ನಗರದವರು ವಾಡಿಕೆ ತಪ್ಪದ ಜನ. ಒಂಟೆಯಿಂದಿಳಿದ ಜವರಯ್ಯನ ಹೆಗಲಿಗೆ ಟವೆಲ್ ಬಿತ್ತು. ಅವನು “ನಾನು ಮಗ ಅಲ್ಲ” ಎನ್ನಲು ಬಾಯಿ ತೆರೆದ. ತೆರೆದ ಬಾಯಿಗೆ ಯಾರೋ ಲಾಡು ಹಾಕಿದರು. ಅದೇ ಮದುವೆಗೆ ಬಂದಿದ್ದವಳು, ಕೆ.ಆರ್. ನಗರಕ್ಕೇ ಕೊಟ್ಟಿದ್ದ ಚಿಕ್ಕಬೀರಮ್ಮನ ಮಗಳ ನೆರೆಮನೆಯವಳು. ಅವಳು ಕಂಡದ್ದು ಇಷ್ಟು: ಚಿಕ್ಕಬೀರಮ್ಮ ಬಂದಳು, ಮಗ ಬರಲಿಲ್ಲ, ಮಗನ ಟವೆಲ್ಲು ಜವರಯ್ಯನಿಗೆ ಹೋಯಿತು.

ಮಾರನೆಯ ದಿನ ಕೆ.ಆರ್. ನಗರದ ಮೊದಲ ಬಸ್ಸಿನಲ್ಲೇ ಬೆಟ್ಟಸ್ವಾಮಿಯ ಅಕ್ಕ ಚಾಮುಂಡಮ್ಮ ಬಂದಿಳಿದಳು. ಬಸ್ಸಿನ ಬಾಗಿಲಿನಿಂದಲೇ ಶುರು.

“ಅವ್ವನ್ನ ಮನೆಯಿಂದ ಓಡ್ಸುದ್ಯೇನ್ಲಾ ಬೆಟ್ಟ? ಎತ್ತ ತಾಯಿಗೆ ಅನ್ನ ಇಕ್ಕಾಕಾಗ್ದೆ ಗಾಡಿ ತಕ್ಕಂಡ್ಯಾ?”

“ಅಕ್ಕಾ, ಅವ್ವ ಒಳಗೇ ಅವ್ಳೆ. ಮುದ್ದೆ ಉಣ್ತಾವ್ಳೆ.”

“ಉಣ್ಲಿ! ನೆಂಟ್ರ ಮನೇಲಿ ಉಂಡಂಗೆ ಉಣ್ತಾವ್ಳೆ, ಪಾಪ! ಎಲ್ಲಿ ನಿನ್ನೆಂಡ್ತಿ? ಸುಧಾ, ಏನ್ ಮಾಡ್ದೆವ್ವ ನಮ್ಮವ್ವಂಗೆ?”

“ಅತ್ಗೆ, ನಾನೇನ್ ಮಾಡಿವ್ನಿ? ಮುದ್ದೆ ಮಾಡಿವ್ನಿ” ಎಂದು ಸುಧಾ ಅಡುಗೆಮನೆಯಿಂದಲೇ ಅಳತೊಡಗಿದಳು. ಮುದ್ದೆ ಉಣ್ಣುತ್ತಿದ್ದ ಚಿಕ್ಕಬೀರಮ್ಮ, “ಸುಮ್ಕಿರೇ ಚಾಮುಂಡಿ” ಎಂದದ್ದು ಯಾರಿಗೂ ಕೇಳಿಸಲಿಲ್ಲ. ಸೋಬಾನೆಯಲ್ಲಿ ಮೂರೂರಿಗೆ ಕೇಳುವ ಗಂಟಲು ಮನೆಯೊಳಗೆ ಮೂರು ಮಾರಿಗೂ ಕೇಳದು.

ಚಾಮುಂಡಮ್ಮ ಕೂಗಿದ್ದು ಡೈರಿಯ ಸಾಲಿಗೆ ಕೇಳಿಸಿತು. ಡೈರಿಯಲ್ಲಿ ಹಾಲಿನ ಜತೆ ಮಾತಿಗೂ ನೀರು ಬೆರೆಯುತ್ತದೆ. ಹಾಲಿನದನ್ನು ಅಳೆಯಲು ಮೀಟರ್ ಇದೆ, ಮಾತಿಗಿಲ್ಲ. ಬೆಳಗಿನ ಸರದಿಯಲ್ಲಿ ‘ಚಿಕ್ಕಬೀರಮ್ಮ ಮುನಿಸಿಕೊಂಡವ್ಳಂತೆ’ ಎಂದಿದ್ದದ್ದು ಸಂಜೆಯ ಸರದಿಗೆ ‘ಜವ್ರಯ್ಯನ್ನ ದತ್ತು ತಕ್ಕಂಡವ್ಳಂತೆ’ ಎಂದಾಯಿತು. ವಾರ ಕಳೆಯುವಷ್ಟರಲ್ಲಿ ಗ್ರಾಮ ಲೆಕ್ಕಿಗರು ಬಂದು ಜಗಲಿಯಲ್ಲಿ ಕೂತಿದ್ದರು. ಇವರು ಮಾತಾಡುವಾಗ ಪ್ರತಿ ವಾಕ್ಯದ ಕೊನೆಗೂ ಸೀಲು ಒತ್ತಿದಂತೆ ತೊಡೆಗೆ ಗುದ್ದಿಕೊಳ್ಳುವರು. ಕಾಲೇಜಿನ ವಾರ್ಷಿಕೋತ್ಸವದಲ್ಲಿ ನಾನು ಅವರನ್ನು ಅನುಕರಿಸಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಕಾಗದದ ಮೇಲೆ ಗುದ್ದಲಾಗದು, ಓದುಗರೇ ಗುದ್ದಿಕೊಳ್ಳಬೇಕು.

“ನೋಡಿ ಬೆಟ್ಟಸ್ವಾಮಿಯವ್ರೇ, ದತ್ತಕ ಅಂದ್ರೆ ತಮಾಷೆ ಅಲ್ಲ. ವಂಶವೃಕ್ಷ ಬದಲಾಗುತ್ತೆ. ಜವರಯ್ಯನವ್ರು ನಿಮಗಿಂತ ದೊಡ್ಡವರು. ಅಂದ್ಮೇಲೆ ಹಿರೀಮಗ ಅವ್ರೇ ಆಗ್ತಾರೆ. ನೀವು ಕಿರಿಯರು.”

“ಸಾರ್, ಅವ್ನು ನಮ್ಮ ಎದುರು ಮನೆಯವ್ನು.”

“ಅದೇ ಹೇಳ್ತಿರೋದು. ಇನ್ಮೇಲೆ ಒಂದೇ ಮನೆ.”

ಜವರಯ್ಯ ಎದುರು ಜಗಲಿಯಿಂದ, “ಬುದ್ದಿ, ನಾನು ಗಾಡಿ ಓಡ್ಸಿದ್ದು ಅಷ್ಟೇ ಕಣ್ರೀ!” ಎಂದು ಕೂಗಿದ. ಲೆಕ್ಕಿಗರು ಇನ್ನೊಮ್ಮೆ ಗುದ್ದಿಕೊಂಡು, “ಎಲ್ರೂ ಮೊದ್ಲು ಹಂಗೇ ಹೇಳೋದು” ಎಂದರು.

ಬೆಟ್ಟಸ್ವಾಮಿ ಅಂದಿನಿಂದ ಊಟ ಬಿಟ್ಟ. ಊರಿನವರು ಅಂದದ್ದಕ್ಕಲ್ಲ. ಎಚ್.ಡಿ. ಕೋಟೆಯ ಕಡೆ ಮುಂದಿನ ವಾರ ಇನ್ನೊಂದು ಮದುವೆಯಿತ್ತು. ಅವ್ವ ತನ್ನ ಹಿಂದೆ ಕೂರುತ್ತಾಳೋ ಇಲ್ಲವೋ ಎಂಬ ಲೆಕ್ಕದಲ್ಲಿ ಅವನ ಮುಂದಿನ ಮುದ್ದೆ ಆರಿಹೋಗುತ್ತಿತ್ತು. ಅವಳನ್ನೇ ಕೇಳಬಹುದಿತ್ತು. ಆದರೆ ಕೇಳುವ ಯೋಚನೆ ಹೊತ್ತ ಬಸ್ಸು ಇನ್ನೂ ಬಂದಿರಲಿಲ್ಲ.

ಕೊನೆಗೆ ಕಂಠಪ್ಪನವರು ಡೈರಿಯ ಮುಂದೆ ನ್ಯಾಯ ಕರೆದರು. ಹೆಸರಿಗೆ ತಕ್ಕ ಕಂಠ. ಅವರು ಪಿಸುಗುಟ್ಟಿದರೆ ಪಕ್ಕದ ಊರಿನ ನಾಯಿ ಬೊಗಳುತ್ತದೆ.

“ಚಿಕ್ಕಬೀರಮ್ಮ, ಮುಚ್ಚುಮರೆ ಬ್ಯಾಡ. ಮಗನ್ನ ಯಾಕ್ ಬುಟ್ಟೆ?”

“ಅಯ್ಯೋ, ಮಗನ್ನ ಯಾಕ್ ಬುಡ್ಲಪ್ಪ ನಾನು?” ಎಂದಳು ಚಿಕ್ಕಬೀರಮ್ಮ. “ಮಿಡ್ತೆನ ಬುಟ್ಟಿವ್ನಿ.”

ಜನ ನಕ್ಕರು. ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಚಾಮುಂಡಮ್ಮ ಕೂಡ ಸೆರಗಿನಲ್ಲಿ ಮೂಗು ಒರೆಸಿಕೊಂಡು ಬಸ್ಸಿನ ವೇಳೆ ವಿಚಾರಿಸತೊಡಗಿದ್ದಳು. ಆದರೆ ಬೆಟ್ಟಸ್ವಾಮಿಯ ಮುಖ ಕೆಂಪಾಯಿತು. ತಾಯಿ ಬಿಟ್ಟಳೆಂಬ ಮಾತನ್ನು ಅವನು ಹೇಗೋ ನುಂಗಿದ್ದ. ಗಾಡಿ ಚೆನ್ನಾಗಿಲ್ಲ ಎಂಬ ಮಾತು ಗಂಟಲಲ್ಲಿ ಇಳಿಯಲಿಲ್ಲ.

“ಅವ್ವಂಗೆ ಒಂಟೆ ರೂಢಿ ಆಗೋಗದೆ ಕಣ್ರಪ್ಪ. ಕಣ್ಣು ಕಟ್ಕಂಡು ಕೂತ್ರೆ ಯಾರಾದ್ರೂ ಯೋಳ್ತಾರೆ, ಹೊಸ್ದೇ ಮೇಲು ಅಂತ. ಬೇಕಾರೆ ಪಂದ್ಯ!”

“ಅಂಗಾರೆ ನೀನೇ ಕಣ್ಣು ಕಟ್ಕಂಡು ಕೂತ್ಕಳಪ್ಪ, ಹಿಂದ್ಗಡೆ” ಎಂದರು ಕಂಠಪ್ಪ. “ಜವ್ರಯ್ಯ ಎರಡನ್ನೂ ಓಡಿಸ್ತಾನೆ. ಯಾವ್ದು ಸುಖ, ಅದು ಹೊಸ್ದಾ ಹಳೇದಾ, ಯೋಳು. ಸರಿಯಾಗಿ ಯೋಳುದ್ರೆ ಕ್ವಾಟೆ ಮದ್ವೆಗೆ ನಿಮ್ಮವ್ವ ನಿನ್ ಹಿಂದೆ ಬತ್ತಾಳೆ. ತಪ್ಪುದ್ರೆ ಒಂಟೆ ಮ್ಯಾಲೆ ವೋಯ್ತಾಳೆ, ನೀನು ತುಟಿ ಬಿಚ್ಚಂಗಿಲ್ಲ. ಏನ್ ಚಿಕ್ಕಬೀರಮ್ಮ?”

ಅವಳು ಕುಟ್ಟಾಣಿಯಿಂದ ತಲೆ ಎತ್ತದೆ, “ನಿಮ್ಮ ಇಷ್ಟ” ಎಂದಳು.

ಡೈರಿಯಿಂದ ಕೆರೆ ಏರಿಯ ಬುಡದವರೆಗೆ ಹೋಗಿ ಬರುವುದು. ನೀರಿನ ಪೈಪಿಗೆಂದು ಅಗೆದು, ಪೈಪು ಬಾರದ ಕಾರಣ ಮುಚ್ಚದೆ ಬಿಟ್ಟ ರಸ್ತೆ. ಪರೀಕ್ಷೆಗೆ ಇದಕ್ಕಿಂತ ಯೋಗ್ಯವಾದದ್ದು ಇಡೀ ಜಿಲ್ಲೆಯಲ್ಲಿಲ್ಲ. ಬೆಟ್ಟಸ್ವಾಮಿಯ ಕಿವಿಗೆ ಹತ್ತಿ ತುರುಕಿದೆವು, ಕಣ್ಣಿಗೆ ಟವೆಲ್ ಕಟ್ಟಿದೆವು, ಮೇಲೊಂದು ಮಂಕಿ ಕ್ಯಾಪು, ಅದರ ಮೇಲೆ ಹೆಲ್ಮೆಟ್ಟು. ಎರಡೂ ಗಾಡಿಗಳನ್ನು ಒಟ್ಟಿಗೆ ಚಾಲೂ ಮಾಡಿ ಗದ್ದಲವೆಬ್ಬಿಸಿದೆವು. ಕೈ ಜವರಯ್ಯನ ಭುಜದ ಮೇಲೇ ಇರಬೇಕೆಂದು ನಿಯಮ. ಜವರಯ್ಯ ಒಂಟೆಗೆ ಹೊಸ ಸೈಲೆನ್ಸರ್ ಹಾಕಿಸಿದ ಮೇಲೆ ಅದರ ಗಂಟಲೂ ಮೊದಲಿನಂತಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ಕಣ್ಣುಪಟ್ಟಿ ಬೇರೆಯೇ ಇತ್ತು. ಬೆಟ್ಟಸ್ವಾಮಿ ಒಂಟೆಯ ಮುಂದೆ ವರ್ಷಗಟ್ಟಲೆ ಕೂತಿದ್ದ. ಹಿಂದೆ ಒಂದು ದಿನವೂ ಕೂತವನಲ್ಲ. ಮಿಡತೆಯದೂ ಅಷ್ಟೇ.

ಹತ್ತಿಸುವಾಗ ಕಂಠಪ್ಪನವರು ಜವರಯ್ಯನಿಗೆ ಕಣ್ಣು ಮಿಟುಕಿಸಿ ಒಂಟೆಯ ಕಡೆ ಬೆರಳು ತೋರಿಸಿದರು.

ಹೋಗಿ ಬಂದ ಬೆಟ್ಟಸ್ವಾಮಿ ಇಳಿಯುವ ಮೊದಲೇ ಕೂಗಿದ: “ಇದು! ಇದೇ ನನ್ ಗಾಡಿ! ಅಬ್ಬಬ್ಬಾ, ಉಯ್ಯಾಲೆ ಕಣ್ರಪ್ಪ, ಉಯ್ಯಾಲೆ! ಗುಂಡಿ ಎಲ್ಲಿತ್ತು ಅಂತಾನೇ ಗೊತ್ತಾಗ್ನಿಲ್ಲ. ಇದ್ರ ಮ್ಯಾಲೆ ಕೂತು ನಮ್ಮವ್ವ ಎರಡ್ ಪದ ಯೋಳ್ಬೋದಿತ್ತು. ನೋಡುದ್ಯಾ ಅವ್ವ?”

ಮಾತಾಡಲು ಬಾಯಿ ಖಾಲಿಯಿರಬೇಕಲ್ಲ. ಎಲ್ಲರೂ ಟವೆಲ್ಲು ಕಚ್ಚಿಕೊಂಡಿದ್ದರು. ಕಂಠಪ್ಪನವರು ಅವನನ್ನು ಇಳಿಸಿ, ಮೂರು ಸುತ್ತು ತಿರುಗಿಸಿ, ಎರಡು ಹೆಜ್ಜೆ ನಡೆಸಿ, ಮತ್ತೆ ಅದೇ ಒಂಟೆಯನ್ನು ಹತ್ತಿಸಿದರು. ಬೇಕಾಗಿರಲಿಲ್ಲ, ಆದರೂ ಕಲೆ ಸುಮ್ಮನಿರಲಿಲ್ಲ: ಒಂಟೆಯ ಹಳೆಯ ಕಿಕ್ಕರಿನ ಕೆಮ್ಮನ್ನು, “ಕೆಹ್, ಕೆಹ್, ದಡ್, ದಡ್” ಎಂದು ಅವನ ಹೆಲ್ಮೆಟ್ಟಿನ ಹತ್ತಿರ, ಹತ್ತಿ ದಾಟಿ ಕೇಳುವಷ್ಟು ಜೋರಾಗಿ, ನಾನು ಬಾಯಲ್ಲೇ ನುಡಿಸಿದೆ. ನನ್ನ ಬಿ.ಎ. ಎಂದೂ ಉಪಯೋಗಕ್ಕೆ ಬಾರದಿದ್ದರೂ ಬಾಯಿ ಬಂದಿತು.

ಎರಡನೆಯ ಸುತ್ತಿನಲ್ಲಿ ಅವನ ನರಳಾಟ ಕೆರೆ ಏರಿಯಿಂದಲೇ ಕೇಳುತ್ತಿತ್ತು. “ಅಯ್ಯೋ ನನ್ ನಡ! ನಿಧಾನಕ್ಕೆ ಓಡ್ಸೋ ಜವ್ರಯ್ಯ! ಒನಕೆ ಮ್ಯಾಲೆ ಕೂರ್ಸಿ ಕುಟ್ಟುದಂಗಾಯ್ತದೆ! ಇದ್ರ ಮ್ಯಾಲೆ ಮನುಷ್ರು ಕೂರ್ತಾರಾ? ಇಂಥಾದ್ರ ಮ್ಯಾಲೆ ನಮ್ಮವ್ವನ್ನ ಕೂರುಸ್ಕಂಡ್ ವೋಯ್ತೀಯಾ, ಮನ್ಸತ್ವ ಐತಾ ನಿಂಗೆ?”

ಅದೇ ಸೀಟು, ಅದೇ ನಾರು, ಅದೇ ಗುಂಡಿ. ಡೈರಿಯ ಮುಂದೆ ನಿಂತ ಮೇಲೆ ಅವನು ವಿಜಯದ ಕೈ ಎತ್ತಿ ಟವೆಲ್ ಬಿಚ್ಚಿದ. ಕೆಳಗೆ ನೋಡಿದ, ಒಂಟೆ. ಎದುರಿಗೆ ನೋಡಿದ: ಮಿಡತೆ ನಿಲ್ಲಿಸಿದಲ್ಲೇ ನಿಂತಿತ್ತು. ಅದರ ಮೇಲೆ ಜವರಯ್ಯನ ಕೋಳಿಯೊಂದು ಹತ್ತಲು ಹೋಗಿ ಇಳಿಜಾರಿನಲ್ಲಿ ಜಾರುತ್ತಿತ್ತು.

ಆಗ ಎದ್ದ ನಗುವಿಗೆ ಡೈರಿಯ ಕ್ಯಾನುಗಳು ಅದುರಿದವು. ಕಂಠಪ್ಪನವರು ನೆಲಕ್ಕೆ ಕೂತರು. ಸುಧಾ ಕೂಡ ಡೈರಿಯ ಬಾಗಿಲ ಸಂದಿಯಲ್ಲಿ ಸೆರಗು ಬಾಯಿಗಿಟ್ಟುಕೊಂಡಿದ್ದಳು. ಇಬ್ಬರು ಮಾತ್ರ ನಗಲಿಲ್ಲ. ಒಬ್ಬಳು ಚಿಕ್ಕಬೀರಮ್ಮ. ಇನ್ನೊಬ್ಬ ಬೆಟ್ಟಸ್ವಾಮಿ. ಅವನ ಬಸ್ಸು ಅಷ್ಟೊತ್ತಿಗೆ ಬಂದು ನಿಂತಿತ್ತು.

ಅವನು ಮೆಲ್ಲಗೆ ಇಳಿದು ಮಿಡತೆಯ ಹತ್ತಿರ ಹೋದ. “ಜವ್ರಯ್ಯ, ಇದ್ರ ಹಿಂದೆ ಒಂದ್ಸಾರಿ ಕೂರುಸ್ಕಂಡ್ ವೋಗಯ್ಯ. ಕಣ್ಣು ಬುಟ್ಕಂಡೇ ಕೂರ್ತೀನಿ.”

ಹೋಗುವಾಗ ಕೂತು ಹೋದವನು ಬರುವಾಗ ನಡೆದುಕೊಂಡು ಬಂದ. ಜವರಯ್ಯ ಗಾಡಿಯನ್ನು ಅವನ ಪಕ್ಕದಲ್ಲೇ ನಿಧಾನಕ್ಕೆ ಓಡಿಸುತ್ತಿದ್ದ. ಬೆಟ್ಟಸ್ವಾಮಿ ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು ಬಂದು ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

“ಉಣ್ಸೂರ್‌ಗಂಟ ಎಂಗ್ ಕೂತಿದ್ದೆವ್ವ ಇದ್ರ ಮ್ಯಾಲೆ?”

“ಎಂಗೋ ಕೂತಿದ್ದೆ ಬುಡಪ್ಪ.”

“ಒಂದ್ ಮಾತ್ ಅಂದಿದ್ರೆ ಆಗ್ತಿತ್ತಲ್ಲವ್ವ.”

“ನೀನು ಮುಂದ್ಗಡೆ ಕೂತು ನಗ್ತಿದ್ದಲ್ಲ ಮಗ. ಕನ್ನಡೀಲಿ ಕಾಣ್ತಿತ್ತು” ಎಂದಳು ಚಿಕ್ಕಬೀರಮ್ಮ, ಅಡಿಕೆ ಕುಟ್ಟುತ್ತ. “ಎಂಗನ್ಲಿ?”

ಬೆಟ್ಟಸ್ವಾಮಿ ಎದ್ದು ಜವರಯ್ಯನ ಕೈ ಹಿಡಿದುಕೊಂಡ. “ಒಂಟೆ ವಾಪಸ್ ಕೊಡಯ್ಯ. ಮಿಡ್ತೆನೇ ತಕ್ಕ. ಬದ್ಲಿಗೆ ಬದ್ಲಿ.”

ಜವರಯ್ಯ ಕೈ ಬಿಡಿಸಿಕೊಂಡು ಹೆಗಲು ಸವರಿಕೊಂಡ. ಹೆಗಲಿನ ಮೇಲೆ ಕೆ.ಆರ್. ನಗರದ ಟವೆಲ್ಲೇ ಇತ್ತು. ಒಗೆದು ಮಡಚಿ ಹಾಕಿಕೊಂಡಿದ್ದ. “ನೋಡು ಬೆಟ್ಟ, ಬೇರೆ ಏನ್ ಕೇಳುದ್ರೂ ಕೊಟ್ಬುಡ್ತೀನಿ” ಎಂದ. “ನಿಂಗೆ ಚಿಕ್ಕಂದಿನಿಂದ ಪದ ಕೇಳಿ ಕಿವಿ ತುಂಬೋಗದೆ. ನಾನು ಮೊನ್ನೆ ಕೆ.ಆರ್. ನಗರದ ದಾರೀಲಿ ಕೇಳುದ್ದೇ ಮೊದ್ಲು. ನನ್ನ ಬೆನ್ನಿಗೆ ಕೂತು ಯಾರೂ ಪದ ಯೋಳಿರ್‌ಲಿಲ್ಲ ಕಣಯ್ಯ.”

ಕಂಠಪ್ಪನವರು ಮೊದಲ ಸಲ ಅಕ್ಕಪಕ್ಕದ ನಾಯಿಗಳಿಗೆ ತೊಂದರೆಯಾಗದಂತೆ ಕೆಮ್ಮಿ, “ಪಂದ್ಯ ಪಂದ್ಯಾನೇ ಕಣಪ್ಪ” ಎಂದರು.

ಬೆಟ್ಟಸ್ವಾಮಿ ಆ ಸಂಜೆಯೇ ಅಟ್ಟ ಹತ್ತಿ, ಬೆಕ್ಕನ್ನು ಎಬ್ಬಿಸಿ, ಸೀರೆ ಗಾರ್ಡು, ಕಂಬಿ ಎರಡನ್ನೂ ತಂದು ಮಿಡತೆಗೆ ಹಾಕಿದ. ಪಿರಿಯಾಪಟ್ಟಣಕ್ಕೆ ಹೋಗಿ ಹಿಂದಿನ ಸೀಟಿಗೆ ನಾರು ತುಂಬಿಸಲು ನೋಡಿದ. ಸೀಟು ಹೊಲಿಯುವವನು, “ಜಾರ್‌ಬಂಡೆಗೆ ಹಾಸಿಗೆ ಹಾಕುದ್ರೆ ಹಾಸಿಗೆ ಸಮೇತ ಜಾರ್ತಾರೆ ಅಷ್ಟೇ ಸ್ವಾಮಿ” ಎಂದು ಕಳಿಸಿದ.

ಕೋಟೆಯ ಮದುವೆಯ ದಿನ ನಾವೆಲ್ಲ ಟೆಂಪೋದಲ್ಲಿ ಹೋದೆವು. ಮುಂದೆ ಒಂಟೆ, ಅದರ ಮೇಲೆ ಜವರಯ್ಯ, ಅವನ ಹಿಂದೆ ಜಗಲಿಯಲ್ಲಿ ಕೂತಂತೆ ಕೂತ ಚಿಕ್ಕಬೀರಮ್ಮ. ಅದರ ಹಿಂದೆ, ಒಂಟೆಯ ಧೂಳು ಕುಡಿಯುತ್ತ, ಹಿಂದಿನ ಸೀಟು ಖಾಲಿಯಿದ್ದ ಮಿಡತೆ. ಗಾಳಿಯಂತೆ ಓಡಬಲ್ಲ ಗಾಡಿಯನ್ನು ಬೆಟ್ಟಸ್ವಾಮಿ ಒಂಟೆಯ ನಡಿಗೆಗೆ ಕಟ್ಟಿಹಾಕಿದ್ದ. ಹತ್ತಿರ ಹೋದರೆ ಒಂಟೆಯ ಸದ್ದಿನಲ್ಲಿ ಪದ ಮುಳುಗುತ್ತಿತ್ತು, ದೂರ ಉಳಿದರೆ ಗಾಳಿಗೆ ಹಾರಿಹೋಗುತ್ತಿತ್ತು. ಅವನು ಹತ್ತಿರ ಹೋಗುವುದು, ದೂರ ಸರಿಯುವುದು, ತಲೆ ಓರೆ ಮಾಡುವುದು, ಮತ್ತೆ ಹತ್ತಿರ ಹೋಗುವುದು. ಆ ಗಾಡಿಯ ಹ್ಯಾಂಡ್ಲಿಂಗು ಎಷ್ಟು ಚೆನ್ನಾಗಿದೆಯೆಂದು ನಾವು ಅವತ್ತು ಕಂಡೆವು.

ಮದುವೆ ಮನೆಯ ಯಜಮಾನ ಬಂದು ವಾಡಿಕೆಯಂತೆ ಜವರಯ್ಯನ ಹೆಗಲಿಗೆ ಟವೆಲ್ ಹೊದಿಸಿದ. ಜವರಯ್ಯ ಅದನ್ನು ತೆಗೆದು, ಹಿಂದೆ ನಿಂತಿದ್ದ ಬೆಟ್ಟಸ್ವಾಮಿಗೆ ಕೊಟ್ಟು, “ತಕ್ಕ, ಮುಖ ಒರೆಸ್ಕ. ರೋಡೆಲ್ಲಾ ನಿನ್ ಮುಖದ್ ಮ್ಯಾಲೇ ಐತೆ” ಎಂದ.

ಹೆಣ್ಣುಗಂಡನ್ನು ಹಸೆಗೆ ಕೂರಿಸಿದರು. ಚಿಕ್ಕಬೀರಮ್ಮನ ಗಂಟಲು ಎದ್ದದ್ದೇ ಚಪ್ಪರದ ಮಾವಿನೆಲೆಗಳು ಅಲ್ಲಾಡಿದವು. ಎರಡು ಹಳೆಯ ಪದ ಆದ ಮೇಲೆ ಅವಳು ಓರೆಗಣ್ಣಿನಲ್ಲಿ ಹಿಂದಿನ ಸಾಲು ನೋಡಿ ಹೊಸದೊಂದು ಎತ್ತಿದಳು:

“ಕಣ್ಣು ಕಟ್ಕಂಡು ಮಗರಾಯ ಸೋಬಾನೆ
ಎದ್ದ ಸೀಟಿಗೇ ಕೂತವ್ನೆ ಸೋಬಾನೆ
ಮೊದಲ್ನೆ ಸಾರಿ ಉಯ್ಯಾಲೆ ಸೋಬಾನೆ
ಮತ್ತೊಂದ್ಸಾರಿ ಒನಕೆ ಅಂದ ಸೋಬಾನೆ.”

ನಮ್ಮೂರಿನವರು ಹೊಟ್ಟೆ ಹಿಡಿದುಕೊಂಡು ಬಿದ್ದರು. ವಿಷಯ ಕೇಳಿ ತಿಳಿದ ಕೋಟೆಯವರು ಬಿದ್ದರು. ಹಸೆಯ ಮೇಲಿನ ಮದುಮಗ ಬಾಸಿಂಗ ಕಳಚಿ ಬೀಳುವಂತೆ ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕವನು ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದ ಬೆಟ್ಟಸ್ವಾಮಿ. ನಕ್ಕು ನಕ್ಕು ಅವನ ಕಣ್ಣಲ್ಲಿ ನೀರು ಬಂತು. ಜವರಯ್ಯ ಕೊಟ್ಟ ಟವೆಲ್ಲಿನಿಂದ ಒರೆಸಿಕೊಂಡ, ಮತ್ತೆ ನಕ್ಕ, ಮತ್ತೆ ಒರೆಸಿಕೊಂಡ. ಚಿಕ್ಕಬೀರಮ್ಮ ಮುಂದಿನ ಪದಕ್ಕೆ ಹೋದಳು, ಜನ ಸುಮ್ಮನಾದರು. ಅವನು ಟವೆಲ್ಲಿನೊಳಗೆ ಮುಖವಿಟ್ಟುಕೊಂಡು ಇನ್ನೂ ನಗುತ್ತಲೇ ಇದ್ದ.